ನಮ್ಮತ್ತೆ ‘ಯುವರ್ ಆನರ್’ ಆದದ್ದು

ನಮ್ಮತ್ತೆಯ ಜೊತೆ ಜಗಳವಾಡಿ ಗೆದ್ದವರು ಯಾರೂ ಇಲ್ಲ. ಇದರಲ್ಲೇನು ವಿಶೇಷ, ಎಲ್ಲರ ಅತ್ತೆಯರೂ ಹಾಗೇ ಅನ್ನುತ್ತೀರಾ? ಸ್ವಲ್ಪ ತಾಳಿ. ನಮ್ಮತ್ತೆಯ ಜೊತೆ ಜಗಳವಾಡಿ ಸೋತವರೂ ಯಾರೂ ಇಲ್ಲ! ಯಾಕೆಂದರೆ ಅವರು ಜಗಳವನ್ನೇ ಆಡುವುದಿಲ್ಲ. ವಿಚಾರಣೆ ನಡೆಸುತ್ತಾರೆ.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ನಮ್ಮಪ್ಪನ ತಂಗಿ. (ಗಂಡನ ತಾಯಿಯ ಮೇಲೆ ಪ್ರಬಂಧ ಬರೆಯುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.) ಮೈಸೂರಿನಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಅಮೆರಿಕಕ್ಕೆ ಬಂದು, ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡಿ ರಿಟೈರ್ ಆದವರು. ಮಾವ ಸೇತುವೆಗಳ ಇಂಜಿನಿಯರಾಗಿದ್ದವರು. ಮಾತು ಕಡಿಮೆ. ಇಬ್ಬರೂ ಇರುವುದು ನ್ಯೂಯಾರ್ಕ್ ನಗರದಿಂದ ಹಡ್ಸನ್ ನದಿಯ ಗುಂಟ ಮೇಲಕ್ಕೆ ಹೋದರೆ ಸಿಗುವ ಒಂದು ಪುಟ್ಟ ಊರಿನಲ್ಲಿ. ಒಂದೇ ಬೀದಿ, ಒಂದೇ ಟ್ರಾಫಿಕ್ ಲೈಟು, ಒಂದು ಹಾರ್ಡ್‌ವೇರ್ ಅಂಗಡಿ, ಅದರ ಪಕ್ಕದಲ್ಲಿ ಒಂದು ಕಾಫಿ ಅಂಗಡಿ. ನಾನಿರುವುದು ನ್ಯೂಯಾರ್ಕಿನ ಎದುರು ದಡದ ಹೋಬೋಕನ್‌ನಲ್ಲಿ. ವಾರಾಂತ್ಯದಲ್ಲಿ ಅತ್ತೆಯ ಕೈಯ ಹುಳಿ ತಿನ್ನಬೇಕೆನಿಸಿದರೆ ಕಾರು ಹತ್ತಿ ಹೊರಟುಬಿಡುತ್ತೇನೆ.

ವಿಚಾರಣೆಯ ಚಟ ಅತ್ತೆಗೆ ಹುಟ್ಟಿನಿಂದಲೇ ಬಂದದ್ದಂತೆ. ಮೈಸೂರಿನ ಮನೆಯಲ್ಲಿ ಡಬ್ಬಿಯಲ್ಲಿದ್ದ ಕೊಬ್ಬರಿ ಮಿಠಾಯಿ ಮಾಯವಾದರೆ ನಮ್ಮಜ್ಜಿ ಗಂಡುಮಕ್ಕಳಿಬ್ಬರನ್ನೂ ಸಾಲಾಗಿ ನಿಲ್ಲಿಸಿ ಕೈ ಎತ್ತುತ್ತಿದ್ದರು. ಆಗ ಎರಡು ಜಡೆಯ ಅತ್ತೆ ನಡುವೆ ಬಂದು, “ತಡಿಯಮ್ಮಾ, ಇಬ್ಬರನ್ನೂ ಕೇಳು, ಆಮೇಲೆ ಹೊಡಿ” ಎನ್ನುತ್ತಿದ್ದರಂತೆ. ಆಮೇಲೆ ಶುರು. ನೀನು ಎಲ್ಲಿದ್ದೆ? ಡಬ್ಬಿ ಯಾವ ಕಡೆಗೆ ತಿರುಗಿತ್ತು? ಕೈ ತೋರಿಸು, ಬಾಯಿ ತೋರಿಸು! ನಮ್ಮಪ್ಪ ಇವತ್ತಿಗೂ ನಿಟ್ಟುಸಿರು ಬಿಡುತ್ತಾರೆ: “ಅವಳ ವಿಚಾರಣೆಗಿಂತ ಅಮ್ಮನ ಏಟೇ ವಾಸಿ ಕಣೇ. ಬೇಗ ಮುಗೀತಿತ್ತು.”

ದೊಡ್ಡವರಾದ ಮೇಲೆ ಕಡಿಮೆಯಾಯಿತೇ? ಎಲ್ಲಿ ಬಂತು! ಒಮ್ಮೆ ನ್ಯೂಯಾರ್ಕಿನ ಫ್ಲಶಿಂಗ್‌ನ ದೇವಸ್ಥಾನಕ್ಕೆ ಹೋಗಿದ್ದೆವು. ದೇವರ ದರ್ಶನ ಬೇಗ ಆಯಿತು, ಕ್ಯಾಂಟೀನಿನ ದೋಸೆಯ ದರ್ಶನಕ್ಕೆ ಮಾತ್ರ ಮಾರುದ್ದ ಕ್ಯೂ. ನಮ್ಮ ಮುಂದೆ ಒಬ್ಬ ಯುವಕ ನುಗ್ಗಿ ನಿಂತ. ಹಿಂದಿದ್ದ ಅಂಕಲ್ ಒಬ್ಬರು ಕೂಗಾಡಿದರು. ಎಲ್ಲರೂ ಆ ಯುವಕನನ್ನು ಬೈಯಲು ಶುರುಮಾಡುವಷ್ಟರಲ್ಲಿ ಅತ್ತೆ ಕೈ ಎತ್ತಿ, “ಅವನ ಕಡೆಯದೂ ಕೇಳೋಣ” ಎಂದುಬಿಟ್ಟರು. ಅವನು, ತಾನು ಮೊದಲೇ ನಿಂತಿದ್ದೆ, ಹೆಂಡತಿಗೆ ಕುರ್ಚಿ ಹುಡುಕಿಕೊಡಲು ಹೋಗಿದ್ದೆ ಎಂದ. ಹೆಂಡತಿಯನ್ನು ಕರೆಸಲಾಯಿತು. ಅವಳು ತುಂಬು ಗರ್ಭಿಣಿ! ಅಂಕಲ್‌ಗೆ ಏನು ಹೇಳುವುದಿದೆ ಎಂದು ಮತ್ತೆ ಅವರನ್ನು ಕೇಳಲಾಯಿತು. ಪಾಪ, ಅವರಿಗೆ ಏನೂ ಹೇಳುವುದಿರಲಿಲ್ಲ, ತಾವೇ ಜಾಗ ಬಿಟ್ಟುಕೊಟ್ಟರು. ನ್ಯಾಯವೇನೋ ಸಿಕ್ಕಿತು. ಆದರೆ ನಾವು ಕೌಂಟರ್ ಮುಟ್ಟುವ ಹೊತ್ತಿಗೆ ದೋಸೆ ಹಿಟ್ಟು ಮುಗಿದಿತ್ತು. ಮಾವ ಉಪ್ಪಿಟ್ಟು ತಿನ್ನುತ್ತಾ ಒಂದೇ ಮಾತು ಹೇಳಿದರು: “ನಿಮ್ಮತ್ತೆ ಇರೋವರೆಗೆ ನ್ಯಾಯಕ್ಕೆ ಕೊರತೆ ಇಲ್ಲ. ದೋಸೆಗೆ ಇದೆ.”

ಇಂಥವರಿಗೆ ದೇವರು ನಿಜವಾದ ಕೋರ್ಟನ್ನೇ ಕೈಗೆ ಕೊಟ್ಟರೆ?

ಕೊಟ್ಟೇಬಿಟ್ಟ!

ನ್ಯೂಯಾರ್ಕ್ ರಾಜ್ಯದ ಸಣ್ಣ ಊರುಗಳಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಅಲ್ಲಿನ ಕೋರ್ಟಿನ ಜಡ್ಜ್ ಆಗಲು ಲಾ ಓದಿರಲೇಬೇಕೆಂದಿಲ್ಲ. ಊರವರು ಓಟು ಹಾಕಿ ಆರಿಸಿದರೆ ಸಾಕು. ರೈತ, ಬಡಗಿ, ಸ್ಕೂಲ್ ಟೀಚರ್, ಯಾರು ಬೇಕಾದರೂ ಆಗಬಹುದು. ಆಮೇಲೆ ಸರ್ಕಾರದವರು ತರಬೇತಿ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಸಂಬಳ ನೆಪಕ್ಕಷ್ಟೆ, ಅರ್ಧಕ್ಕರ್ಧ ಸೇವೆಯೇ. ಆದರೆ ಕೆಲಸ ಆಟದ್ದಲ್ಲ. ಸ್ಪೀಡಿಂಗ್ ಟಿಕೆಟ್ಟಿನಿಂದ ಹಿಡಿದು ಹೊಡೆದಾಟ, ಸಣ್ಣ ಕಳ್ಳತನದವರೆಗೆ ಎಲ್ಲ ಅಲ್ಲಿಗೇ ಬರುತ್ತವೆ. ದೊಡ್ಡ ಅಪರಾಧದಲ್ಲಿ ಸಿಕ್ಕಿಬಿದ್ದವರನ್ನೂ ಪೊಲೀಸರು ಮೊದಲು ತಂದು ನಿಲ್ಲಿಸುವುದು ಅವರೆದುರಿಗೇ. ಜೈಲಿಗೆ ಕಳಿಸುವ ಅಧಿಕಾರವೂ ಇದೆ!

ಅತ್ತೆಯ ಊರಿನಲ್ಲಿ ಬಹಳ ಕಾಲ ಜಡ್ಜ್ ಆಗಿದ್ದ ವೃದ್ಧರು ಚಳಿ ತಾಳಲಾರದೆ ಫ್ಲಾರಿಡಾಕ್ಕೆ ಹೊರಟರು. ಊರಿನ ಸಭೆಯಲ್ಲಿ ಆ ಜಾಗಕ್ಕೆ ಯಾರಾದರೂ ನಿಲ್ಲಿ ಎಂದು ಕೇಳಿದಾಗ ಎಲ್ಲರೂ ಚಾವಣಿ ನೋಡಿದರಂತೆ. ಅತ್ತೆ ಮಾತ್ರ ಎದ್ದುನಿಂತು, “ಲಾ ಓದಿರಬೇಕಾಗಿಲ್ಲವೇ? ನಿಜವಾಗಿಯೂ?” ಎಂದು ಕೇಳಿದರು. ಇಲ್ಲ ಎಂದರು. “ಎರಡು ಕಡೆಯವರ ಮಾತನ್ನೂ ಕೂತು ಕೇಳುವುದೇ ಕೆಲಸವೇ?” ಹೌದು ಎಂದರು. ಆ ಸಂಜೆ ನನಗೆ ಫೋನ್ ಬಂತು. “ಪುಟ್ಟೀ, ಇಷ್ಟು ವರ್ಷ ನಾನು ಬಿಟ್ಟಿಯಾಗಿ ಮಾಡ್ತಿದ್ದೆನಲ್ಲೇ, ಅದಕ್ಕೆ ಇಲ್ಲಿ ಗೌನು ಹಾಕಿ ಕೂರಿಸ್ತಾರಂತೆ ಕಣೇ!”

ನನಗೆ ನಲವತ್ತು ದಾಟಿದೆ. ಅತ್ತೆಗೆ ನಾನಿನ್ನೂ ಪುಟ್ಟಿಯೇ.

ಅತ್ತೆ ಅಭ್ಯರ್ಥಿ ಎಂದು ಗೊತ್ತಾದ ಕೂಡಲೇ ಎದುರಾಳಿಯೂ ಹುಟ್ಟಿಕೊಂಡ. ಹಾರ್ಡ್‌ವೇರ್ ಅಂಗಡಿಯ ಯಜಮಾನ. ಎತ್ತರದ ಆಳು, ಅರವತ್ತರ ಮೇಲೆ ವಯಸ್ಸು, ಮೊಳೆ ಜಗಿದವನ ಹಾಗೆ ಸದಾ ಬಿಗಿದ ಮುಖ. ಅಂಗಡಿಗೆ ಬಂದವರಿಗೆಲ್ಲ, “ಆಕೆಗೆ ನಮ್ಮ ಕಾನೂನು ಏನು ಗೊತ್ತು? ಆಕೆ ಮಾತಾಡೋ ಇಂಗ್ಲಿಷ್ ಯಾರಿಗೆ ತಿಳಿಯುತ್ತೆ?” ಎಂದು ಹೇಳಿ ಕಳಿಸುತ್ತಿದ್ದ. ಮಾವ ಅಲ್ಲಿ ಬಲ್ಬು ಕೊಳ್ಳಲು ಹೋದಾಗ ಅವರಿಗೂ ಇದನ್ನೇ ಹೇಳಿದ! ಆಕೆಯ ಗಂಡನೇ ಇವರು ಎಂದು ಅವನಿಗೆ ತಿಳಿದಿರಲಿಲ್ಲ. ಮಾವ “ನನಗೂ ಕೆಲವು ಸಲ ತಿಳಿಯಲ್ಲ” ಎಂದು ಬಲ್ಬು ತೆಗೆದುಕೊಂಡು ಬಂದರು.

ಅತ್ತೆಯ ಪ್ರಚಾರ ನೋಡಬೇಕಿತ್ತು. ಸೀರೆಯ ಮೇಲೆ ಉದ್ದ ಕೋಟು, ಕಾಲಿಗೆ ಹಿಮದ ಬೂಟು, ಮನೆಮನೆಯ ಬಾಗಿಲು ತಟ್ಟಿದರು. ನಾನು ಜೊತೆಗೆ ಹೋಗುವಾಗ ಕೋಡುಬಳೆ ಹಂಚೋಣ ಎಂದು ಸಲಹೆ ಕೊಟ್ಟೆ. ಅತ್ತೆ ಹೌಹಾರಿದರು. “ಓಟಿಗೆ ಕೋಡುಬಳೆ ಕೊಡೋದು ಲಂಚ ಕಣೇ!” ಸರಿ. ಒಬ್ಬ ಅಜ್ಜಿ ಚಳಿಯಲ್ಲಿ ಬಂದಿದ್ದೀರಿ ಎಂದು ಬಿಸಿ ಚಹಾ ಕೊಟ್ಟರೆ ಅದನ್ನೂ ಮುಟ್ಟಲಿಲ್ಲ, ನಾಳೆ ಈ ಅಜ್ಜಿಯ ಕೇಸೇ ಬಂದರೆ! ಇನ್ನೊಬ್ಬರು, “ಗೆದ್ದರೆ ನಮಗೇನು ಮಾಡುತ್ತೀರಿ?” ಎಂದು ಕೇಳಿದರು. ಬೇರೆಯವರಾಗಿದ್ದರೆ ರಸ್ತೆ, ದೀಪ ಏನಾದರೂ ಹೇಳುತ್ತಿದ್ದರು. ಅತ್ತೆ, “ನೀವು ಸ್ಪೀಡಾಗಿ ಗಾಡಿ ಓಡಿಸಿ ಸಿಕ್ಕಿಬಿದ್ದರೆ ದಂಡ ಹಾಕುತ್ತೇನೆ. ಆದರೆ ಹಾಕುವ ಮುಂಚೆ ಪೂರ್ತಿ ಕೇಳುತ್ತೇನೆ” ಎಂದರು. ಕಾರಿಗೆ ವಾಪಸು ಬರುವಾಗ ನಾನು, “ಅತ್ತೆ, ಹೀಗೆ ಹೇಳಿದ್ರೆ ಓಟು ಬರಲ್ಲ” ಎಂದೆ. “ಬರದಿದ್ರೆ ಅದು ಅವರ ತೀರ್ಪು” ಎಂದರು.

ತೀರ್ಪು ಬಂತು. ಕೂದಲೆಳೆಯ ಅಂತರದಲ್ಲಿ ಅತ್ತೆ ಗೆದ್ದರು! ಇಂಥ ಪ್ರಚಾರಕ್ಕೂ ಮರುಳಾಗುವ ಜನ ಭೂಮಿಯ ಮೇಲೆ ಇದ್ದಾರೆ ನೋಡಿ. ಹಾರ್ಡ್‌ವೇರ್ ಅಂಗಡಿಯಾತ ಅಭಿನಂದನೆ ಹೇಳಲಿಲ್ಲ. ಅದಾದ ಮೇಲೆ ಮಾವ ಬಲ್ಬಿಗೂ ಪಕ್ಕದ ಊರಿಗೆ ಡ್ರೈವ್ ಮಾಡಬೇಕಾಯಿತು.

ಆಮೇಲೆ ತರಬೇತಿ, ಪರೀಕ್ಷೆ. ಪಾಸಾಗದೆ ಪೀಠ ಹತ್ತುವಂತಿಲ್ಲ. ಅತ್ತೆ ಅಡುಗೆಮನೆಯಲ್ಲಿ ಕಾನೂನಿನ ಪುಸ್ತಕವನ್ನು ಮಸಾಲೆ ಡಬ್ಬಿಗೆ ಒರಗಿಸಿಟ್ಟು ಓದುತ್ತಿದ್ದರು. ಆ ದಿನಗಳಲ್ಲಿ ಮಾವನಿಗೆ ಹೊಸ ಉದ್ಯೋಗ ಸಿಕ್ಕಿತು, ಆರೋಪಿ! ಅತ್ತೆ ಗೌನು ಹಾಕಿಕೊಂಡು ಊಟದ ಮೇಜಿನ ತುದಿಯಲ್ಲಿ ಕೂರುವುದು, ಮಾವ ಎದುರಿಗೆ ಕೈಕಟ್ಟಿ ನಿಲ್ಲುವುದು.

“ನಿಮ್ಮ ಮೇಲೆ ಸೈಕಲ್ ಕದ್ದ ಆರೋಪ ಇದೆ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ನಿಮಗಿದೆ. ಅರ್ಥವಾಯಿತೇ?”

“ಕದ್ದಿದೀನಿ. ಒಪ್ಕೊಂಡೆ.”

“ರೀ, ಹಾಗೆ ತಟಕ್ಕಂತ ಒಪ್ಕೋಬೇಡಿ! ನಾನು ಇನ್ನೂ ಹಕ್ಕುಗಳನ್ನೆಲ್ಲ ಹೇಳಬೇಕು.”

“ಮದುವೆ ಆದಾಗ್ಲಿಂದ ಹೀಗೇ ಒಪ್ಕೊಂಡು ಅಭ್ಯಾಸ. ಬೇರೆ ಗೊತ್ತಿಲ್ಲ.”

ಮಾವ ಸೈಕಲ್ ಕಳ್ಳತನ, ಬೇಲಿ ಮುರಿದದ್ದು, ಕುಡಿದು ಗಾಡಿ ಓಡಿಸಿದ್ದು ಎಲ್ಲವನ್ನೂ ಒಪ್ಪಿಕೊಂಡ ಪುಣ್ಯದಿಂದಲೋ ಏನೋ, ಅತ್ತೆ ಪರೀಕ್ಷೆಯಲ್ಲಿ ಪಾಸಾದರು. ಗೌನು ಮಾತ್ರ ಉದ್ದವಾಗಿತ್ತು. ಸೀರೆಗೆ ಫಾಲ್ಸ್ ಹೊಲಿಯುವ ಹಾಗೆ ತಾವೇ ಅಂಚು ಮಡಿಸಿ ಹೊಲಿದುಕೊಂಡರು.

ಕೋರ್ಟು ಎಂದರೆ ಕಂಬಗಳ ದೊಡ್ಡ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಊರಿನ ಸಭಾಂಗಣವೇ ಕೋರ್ಟು. ಅಲ್ಲಿ ಬೆಳಿಗ್ಗೆ ಹಿರಿಯರ ವ್ಯಾಯಾಮ, ಮಧ್ಯಾಹ್ನ ಮಕ್ಕಳ ಡ್ಯಾನ್ಸು, ನಿಗದಿಯಾದ ಸಂಜೆಗಳಲ್ಲಿ ನ್ಯಾಯ. ಮಡಿಸುವ ಕುರ್ಚಿಗಳು, ಒಂದು ಬಾವುಟ, ಎತ್ತರದ ಮೇಜು. ಹಿಂದಿನ ಸಾಲಿನ ಮೂಲೆಯ ಕುರ್ಚಿ ಮಾವನದು. ಕಾರು ಡ್ರೈವ್ ಮಾಡಿಕೊಂಡು ಅತ್ತೆಯನ್ನು ಕರೆತರುವುದು, ಕೂರುವುದು, ಕರೆದೊಯ್ಯುವುದು.

ಹೆಸರು ಹರಡಿತು. ನಮ್ಮ ಕನ್ನಡ ಕೂಟದಲ್ಲಂತೂ ಅತ್ತೆ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರೇ ಆಗಿಹೋದರು! ಪ್ರಿನ್ಸ್‌ಟನ್ ಕಡೆಯ ಡಾಕ್ಟರೊಬ್ಬರು, ಕೂಟದಲ್ಲಿ ದೊಡ್ಡ ಕುಳ, ಎಲೆ ಬಣ್ಣ ತಿರುಗುವುದನ್ನು ನೋಡಲು ಹೋಗಿ ಅತ್ತೆಯ ಊರಿನ ಗಡಿಯಲ್ಲೇ ಅತಿವೇಗಕ್ಕೆ ಸಿಕ್ಕಿಬಿದ್ದರು. ನಾನು ಅತ್ತೆಯ ಮನೆಯಲ್ಲಿದ್ದಾಗಲೇ ಅವರ ಫೋನು ಬಂತು. ಸ್ಪೀಕರಿನಲ್ಲಿತ್ತು.

“ಆಂಟೀ, ನಿಮ್ಮೂರಿನ ಪೊಲೀಸ್ ನನಗೆ ಟಿಕೆಟ್ ಕೊಟ್ಬಿಟ್ಟಿದಾನೆ. ನೀವೇ ಅಲ್ವಾ ಜಡ್ಜು? ನಮ್ಮವರೇ...”

“ಎಕ್ಸ್ ಪಾರ್ಟೆ!” ಎಂದು ಕಿರುಚಿದ ಅತ್ತೆ ಬಿಸಿ ಪಾತ್ರೆ ಮುಟ್ಟಿದವರಂತೆ ಫೋನನ್ನು ಬಿಟ್ಟರು. ಅದು ಕೊತ್ತಂಬರಿ ಸೊಪ್ಪಿನ ಮೇಲೆ ಬಿದ್ದು, ಅಲ್ಲಿಂದಲೇ ಕೇಳಿತು: “ಪಾರ್ಟಿನಾ? ಯಾವತ್ತು ಆಂಟಿ?”

ಒಂದು ಕಡೆಯವರು ಇನ್ನೊಂದು ಕಡೆಗೆ ತಿಳಿಯದಂತೆ ಜಡ್ಜಿನ ಜೊತೆ ಮಾತಾಡುವುದಕ್ಕೆ ಕಾನೂನಿನವರು ಇಟ್ಟ ಹೆಸರಂತೆ ಅದು. ಮುಂದಿನ ಕೋರ್ಟಿನ ಸಂಜೆ ಅತ್ತೆ ತುಂಬಿದ ಸಭೆಯಲ್ಲಿ, ಇಂಥವರು ನನಗೆ ಫೋನ್ ಮಾಡಿದ್ದರು, ನನಗೆ ಪರಿಚಿತರು, ಆದ್ದರಿಂದ ಈ ಕೇಸನ್ನು ನಾನು ನೋಡುವುದಿಲ್ಲ ಎಂದು ಘೋಷಿಸಿದರು. ಡಾಕ್ಟರು ಅಲ್ಲೇ ಕೂತಿದ್ದರು, ಸೂಟು ಹಾಕಿಕೊಂಡು! ಕೇಸು ಪಕ್ಕದ ಊರಿನ ಜಡ್ಜಿಗೆ ಹೋಯಿತು. ಅವರು ಹಸು ಸಾಕುವವರು, ಬೆಳಗಿನ ಜಾವ ಏಳುವವರು, ಯಾರ ಮಾತನ್ನೂ ಹೆಚ್ಚು ಹೊತ್ತು ಕೇಳದವರು. ಡಾಕ್ಟರು ಆಮೇಲೆ ಕೂಟದಲ್ಲಿ ಸಿಕ್ಕಿದಾಗ, “ನಿಮ್ಮತ್ತೆಯೇ ವಾಸಿ ಇತ್ತು” ಎಂದರು. ನಮ್ಮಪ್ಪ ಕೇಳಿದ್ದರೆ ಒಪ್ಪುತ್ತಿರಲಿಲ್ಲ.

ಇಷ್ಟೆಲ್ಲ ತಮಾಷೆ. ಆದರೆ ಅತ್ತೆಯ ನಿಜವಾದ ಪರೀಕ್ಷೆ ಇನ್ನೂ ಬಂದಿರಲಿಲ್ಲ.

ಆ ಚಳಿಗಾಲದಲ್ಲಿ ದೊಡ್ಡ ಹಿಮ ಬಿತ್ತು. ಇಲ್ಲೊಂದು ರೂಢಿ ಇದೆ. ಬೀದಿಯಲ್ಲಿ ಕಾರು ನಿಲ್ಲಿಸುವ ಜಾಗದ ಹಿಮವನ್ನು ಬೆನ್ನು ಮುರಿದು ತೆಗೆದವರು, ಆ ಜಾಗ ತಮ್ಮದೆಂದು ಅಲ್ಲಿ ಒಂದು ಹಳೇ ಕುರ್ಚಿ ಇಟ್ಟು ಹೋಗುತ್ತಾರೆ. ಕಾನೂನಿನಲ್ಲಿ ಇಲ್ಲ, ಆದರೂ ಉಳಿದವರು ಅದನ್ನು ಮುಟ್ಟುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಾತ ತನ್ನ ಅಂಗಡಿಯೆದುರು ಹಿಮ ತೆಗೆದು ಕುರ್ಚಿ ಇಟ್ಟಿದ್ದ. ಪಕ್ಕದ ಕಾಫಿ ಅಂಗಡಿಗೆ ಹಾಲಿನ ವ್ಯಾನ್ ಬಂತು. ಕಾಫಿ ಅಂಗಡಿಯವನು ಕುರ್ಚಿ ಎತ್ತಿ ಬದಿಗಿಟ್ಟ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಕಾಫಿಯವನು ಮಂಜುಗಡ್ಡೆಯ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡ.

ಕಾಫಿಯವನು ಬ್ರೂಕ್ಲಿನ್‌ನಿಂದ ಬಂದು ನೆಲೆಸಿದವನು, ನಗುಮುಖದವನು. ಊರಿನ ಕಣ್ಮಣಿ. ಹಾರ್ಡ್‌ವೇರಿನವನು ಹೇಗೂ ಯಾರಿಗೂ ಬೇಡದವನು. ಅವನೇ ತಳ್ಳಿದ ಎಂದು ಸಂಜೆಯೊಳಗೆ ಊರೆಲ್ಲ ತೀರ್ಮಾನಿಸಿತು. ಪೊಲೀಸರು ಹಲ್ಲೆಯ ಕೇಸು ಹಾಕಿದರು. ಅಪರಾಧ ಸಾಬೀತಾದರೆ ಒಂದು ವರ್ಷದವರೆಗೂ ಜೈಲು ಆಗಬಹುದು. ಕೇಸು ಬಂದು ನಿಂತದ್ದು ಯಾರೆದುರಿಗೆ? ಅವನೇ ಹೇಳಿದ್ದ ಆ ಕಾನೂನು ಗೊತ್ತಿಲ್ಲದ, ಯಾರಿಗೂ ತಿಳಿಯದ ಇಂಗ್ಲಿಷ್ ಮಾತಾಡುವ ಹೆಂಗಸಿನ ಎದುರಿಗೆ!

ಮೊದಲ ಹಾಜರಿಯ ಸಂಜೆ ನಾನಿರಲಿಲ್ಲ, ಮಾವ ಹೇಳಿದ್ದು. ಅತ್ತೆ ಗೌನಿನ ತೋಳು ಸರಿಮಾಡಿಕೊಂಡು, “ಇವರು ಚುನಾವಣೆಯಲ್ಲಿ ನನ್ನ ಎದುರಾಳಿ. ಯಾವ ಕಡೆಯವರಿಗೆ ಅನುಮಾನವಿದ್ದರೂ ನಾನು ಈ ಕೇಸಿನಿಂದ ಹಿಂದೆ ಸರಿಯುತ್ತೇನೆ” ಎಂದರಂತೆ. ಸರ್ಕಾರದ ವಕೀಲೆ ತನಗೆ ಆಕ್ಷೇಪಣೆಯಿಲ್ಲ ಎಂದಳು. ಹಾರ್ಡ್‌ವೇರಿನವನ ವಕೀಲ ಅವನ ಕಿವಿಯಲ್ಲಿ ಬಹಳ ಹೊತ್ತು ಪಿಸುಗುಟ್ಟಿದ. ಬೇರೆ ಜಡ್ಜನ್ನು ಕೇಳೋಣ, ಇಲ್ಲವೇ ಜ್ಯೂರಿಯನ್ನಾದರೂ ಕೇಳೋಣ ಎಂದಿರಬೇಕು. ಅವನು ತಲೆ ಅಲ್ಲಾಡಿಸಿ ಎದ್ದುನಿಂತ.

“ಜ್ಯೂರಿ ಅಂತ ಈ ಊರಿನ ಆರು ಜನರನ್ನ ಕೂರಿಸಿದರೆ ಆರೂ ಜನ ಅವನ ಅಂಗಡೀಲಿ ಕಾಫಿ ಕುಡಿಯೋರೇ. ಈಕೆ ಕುಡಿಯಲ್ಲ.”

ಸಭೆ ನಕ್ಕಿತು. (ಮಾತು ನಿಜ. ಅತ್ತೆ ಅಲ್ಲಿನ ಕಾಫಿಯನ್ನು ಒಂದೇ ಸಲ ಕುಡಿದು, ಇದರ ವಿಷಯದಲ್ಲಿ ಮಾತ್ರ ಇನ್ನೊಂದು ಕಡೆಯ ಮಾತು ಕೇಳಬೇಕಾಗಿಲ್ಲ ಎಂದು ತೀರ್ಪು ಕೊಟ್ಟಿದ್ದರು.) ನಗು ನಿಂತ ಮೇಲೆ ಅವನು ನೆಲ ನೋಡುತ್ತಾ ಹೇಳಿದ:

“ಮತ್ತೆ, ನನ್ನ ಮಾತನ್ನ ಈ ಊರಲ್ಲಿ ಯಾರಾದರೂ ಕೊನೇವರೆಗೂ ಕೇಳೋದಿದ್ರೆ, ಅದು ಈಕೆ ಒಬ್ಬರೇ. ನನಗೆ ಇವರೇ ಇರಲಿ.”

ಮಾವ ಇದನ್ನು ನನಗೆ ಫೋನಿನಲ್ಲಿ ಹೇಳಿದರು. ಆಮೇಲೆ, “ನಿಮ್ಮತ್ತೆ ಚುನಾವಣೆ ಗೆದ್ದಿದ್ದು ಇವತ್ತು ಕಣಮ್ಮ” ಎಂದರು.

ವಿಚಾರಣೆಯ ಸಂಜೆ ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋದೆ. ಮಾವನ ಪಕ್ಕ ಕೂತೆ. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಮುಖದಲ್ಲೂ ತೀರ್ಪು ಆಗಲೇ ಬರೆದಿತ್ತು. ಹಾರ್ಡ್‌ವೇರಿನವನು ಮಾತ್ರ ಒಬ್ಬನೇ, ಇಸ್ತ್ರಿ ಮಾಡಿದ ಅಂಗಿ, ದೊಡ್ಡ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅತ್ತೆ ಒಳಗೆ ಬಂದಾಗ ಎಲ್ಲರೂ ಎದ್ದುನಿಂತೆವು. ನಾನು ಹುಳಿಗೆ ಉಪ್ಪು ಜಾಸ್ತಿಯಾಯಿತು ಎಂದು ರೇಗಿಸುವ ಅತ್ತೆಗೆ ಎದ್ದುನಿಂತಾಗ ನನ್ನ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ!

ಮೊದಲ ಸಾಕ್ಷಿ, ಕಾಫಿ ಅಂಗಡಿಯ ಖಾಯಂ ಗಿರಾಕಿ, ಒಬ್ಬ ಗಟ್ಟಿಗಿತ್ತಿ ಹೆಂಗಸು. “ಅವನೇ ತಳ್ಳಿದ್ದು” ಎಂದರು. ವಕೀಲರ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅತ್ತೆ ಕನ್ನಡಕ ಸರಿಮಾಡಿಕೊಂಡರು.

“ಒಂದು ವಿಷಯ ನನಗೆ ಸ್ಪಷ್ಟವಾಗಲಿಲ್ಲ. ತಳ್ಳಿದ್ದನ್ನು ನೀವು ನೋಡಿದಿರಾ?”

“ಇಡೀ ಊರಿಗೆ ಗೊತ್ತು, ಯುವರ್ ಆನರ್.”

“ಊರನ್ನು ಸಾಕ್ಷಿಗೆ ಕರೆದಿಲ್ಲ. ನಿಮ್ಮನ್ನು ಕರೆದಿದ್ದಾರೆ. ನೀವು ನೋಡಿದಿರಾ?”

“ನಾನು ಒಳಗೆ ಕಿಟಕಿಯ ಪಕ್ಕ ಕೂತಿದ್ದೆ.”

“ಕಿಟಕಿಯ ಗಾಜು ಹೇಗಿತ್ತು?”

“ಒಳಗೆ ಬೆಚ್ಚಗಿತ್ತಲ್ಲ... ಗಾಜೆಲ್ಲ ಹಬೆ ಹಿಡಿದಿತ್ತು. ಕೂಗಾಟ ಕೇಳಿಸಿತು. ಒರೆಸಿ ನೋಡಿದಾಗ ಅವನು ಬಿದ್ದಿದ್ದ.”

ಹಾಲಿನ ವ್ಯಾನಿನವನು, ತಾನು ಆಗ ವ್ಯಾನಿನ ಹಿಂದೆ ಕ್ರೇಟು ಇಳಿಸುತ್ತಿದ್ದೆ, ಬಿದ್ದ ಸದ್ದು ಕೇಳಿ ಓಡಿಬಂದೆ ಎಂದ. ಸಭೆಯಲ್ಲಿ ಗುಸುಗುಸು ಶುರುವಾಯಿತು. ಮಾವ ನನ್ನ ಕಡೆ ನೋಡದೆ ಮೊಣಕೈಯಿಂದ ತಿವಿದರು.

ಆಮೇಲೆ ಕಾಫಿಯವನು. ಕೈಗೆ ಇನ್ನೂ ಪಟ್ಟಿ ಇತ್ತು. ತನ್ನನ್ನು ತಳ್ಳಿದ ಎಂದು ಸರ್ಕಾರಿ ವಕೀಲೆಗೆ ಹೇಳಿದ. ಎದುರು ವಕೀಲನಿಗೂ ಹೌದೆಂದ. ಅತ್ತೆಯ ಸರದಿ ಬಂತು. ಅವರು ದನಿ ಏರಿಸಲಿಲ್ಲ. ಲ್ಯಾಬಿನಲ್ಲಿ ರಕ್ತ ತೆಗೆಯುವ ಮುಂಚೆ ರೋಗಿಯನ್ನು ಮಾತಾಡಿಸುವ ದನಿ ಅದು.

“ಅವಸರವಿಲ್ಲ. ಕುರ್ಚಿ ಎತ್ತಿಟ್ಟ ಮೇಲಿನದನ್ನು ಒಂದೊಂದಾಗಿ ಹೇಳಿ. ಅವರು ಬಂದರು. ಆಮೇಲೆ?”

“ಬೈದರು. ಕುರ್ಚಿ ಎತ್ತಿಕೊಳ್ಳೋಕೆ ಬಂದರು. ನಾನು ಬಿಡಲಿಲ್ಲ.”

“ಅಂದರೆ ಕುರ್ಚಿ ಯಾರ ಕೈಯಲ್ಲಿತ್ತು?”

“ನಾನೂ ಹಿಡಿದಿದ್ದೆ. ಅವರೂ ಹಿಡಿದಿದ್ದರು.”

“ಅವರ ಎರಡೂ ಕೈ ಎಲ್ಲಿತ್ತು?”

ಅತ್ತೆ ಸುಮ್ಮನೆ ಕಾದರು. ಕಾಫಿಯವನು ತನ್ನ ಪಟ್ಟಿಯ ಕೈಯನ್ನೇ ನೋಡಿಕೊಂಡ. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಅವನನ್ನು ಕೇಳಿರಲಿಲ್ಲವೇನೋ, ಅವನೇ ತನ್ನನ್ನು ಕೇಳಿಕೊಂಡಿರಲಿಲ್ಲವೇನೋ.

“ಕುರ್ಚಿಯ ಮೇಲೆ,” ಎಂದ ಕೊನೆಗೆ. “ಎರಡೂ ಕೈ ಕುರ್ಚಿಯ ಮೇಲೇ ಇತ್ತು. ನಾನು ಜೋರಾಗಿ ಎಳೆದೆ. ಅವರು ಬಿಟ್ಟರೋ, ಅವರ ಕೈ ಜಾರಿತೋ ಗೊತ್ತಿಲ್ಲ. ಬಿದ್ದೆ. ಆಸ್ಪತ್ರೆಯಿಂದ ಬಂದಾಗ ಎಲ್ಲರೂ ಅವನು ನಿನ್ನನ್ನು ತಳ್ಳಿದ, ತಳ್ಳಿದ ಅಂತ ಹೇಳುತ್ತಿದ್ದರು. ದಿನಾ ಹೇಳುತ್ತಿದ್ದರು. ನನಗೂ ಹಾಗೇ ನೆನಪಾಗೋಕೆ ಶುರುವಾಯಿತು.”

ಆ ಯುವಕನನ್ನು ನಾನು ಆವತ್ತಿನಿಂದ ಬಹಳ ಗೌರವಿಸುತ್ತೇನೆ. ತನ್ನನ್ನು ಪ್ರೀತಿಸುವ ಇಡೀ ಊರಿನ ಎದುರು ತನಗೆ ಖಚಿತವಿಲ್ಲ ಎಂದು ಹೇಳುವುದು ಸುಲಭವೇ?

ಹಾರ್ಡ್‌ವೇರಿನವನೂ ಸಾಕ್ಷಿಕಟ್ಟೆ ಹತ್ತಿದ. ಬೈದದ್ದು ನಿಜ, ಕುರ್ಚಿ ಬಿಟ್ಟದ್ದೂ ನಿಜ, ತಳ್ಳಲಿಲ್ಲ ಎಂದ. ಅತ್ತೆ ಅವನ ಮಾತನ್ನೂ ಕೊನೆಯವರೆಗೆ ಕೇಳಿದರು. ಹಿಮ ತೆಗೆಯುವಾಗ ಅವನ ಸೊಂಟ ಹಿಡಿದುಕೊಂಡ ಕತೆಯನ್ನೂ ಸೇರಿಸಿ!

ಆಮೇಲೆ ತೀರ್ಪು. ಗೌನಿನ ಮೇಲೆ ಎರಡೂ ಕೈ ಜೋಡಿಸಿಟ್ಟುಕೊಂಡು ಅತ್ತೆ ಹೇಳಿದರು: “ಇಬ್ಬರೂ ಒಳ್ಳೆಯ ಮಾತಾಡಲಿಲ್ಲ, ಅದು ನನಗೆ ಗೊತ್ತಾಯಿತು. ಆದರೆ ಈ ಕೋರ್ಟು ಕೇಳಬೇಕಾದದ್ದು ಅದನ್ನಲ್ಲ. ಬೇಕೆಂದೇ ತಳ್ಳಿದರೇ ಎಂಬುದರಲ್ಲಿ ನನಗೆ ಸಂಶಯ ಉಳಿದಿದೆ. ಉಳಿದ ಮೇಲೆ ಶಿಕ್ಷೆ ಕೊಡುವಂತಿಲ್ಲ. ನಾಟ್ ಗಿಲ್ಟಿ.”

ಹಾರ್ಡ್‌ವೇರಿನವನ ಬಿಗಿದ ಮುಖ ಸಡಿಲವಾಗಿ, ಅದರೊಳಗಿಂದ ಬೇರೆಯೇ ಒಂದು ಮುಖ ಹೊರಬಂತು. ಅವನು ಕೂತಲ್ಲೇ ದೊಡ್ಡ ಕೈಗಳಿಂದ ಕಣ್ಣೊರೆಸಿಕೊಂಡ. ಅತ್ತೆ ಇನ್ನೂ ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು, ಮುಚ್ಚಿದರು. ಮಾವ ನನ್ನ ಕಿವಿಯಲ್ಲಿ, “ಕೈಕುಲುಕಿ ರಾಜಿಯಾಗಿ ಅನ್ನಬೇಕು ಅಂತಿದೆ ಪಾಪ. ಖುಲಾಸೆ ಆದಮೇಲೆ ಅದಕ್ಕೆ ಅಧಿಕಾರ ಇಲ್ಲ” ಎಂದರು. ಅತ್ತೆಯ ಜೀವಮಾನದಲ್ಲಿ ಅಧಿಕಾರವಿಲ್ಲವೆಂದು ಅವರು ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು!

ಊರು ಮುನಿಸಿಕೊಂಡಿತು. ಕೆಲವು ವಾರ ಬೀದಿಯಲ್ಲಿ ಅತ್ತೆಗೆ ಯಾರೂ ಕೈ ಬೀಸಲಿಲ್ಲ. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಮಾತಾಡಿಸುವುದನ್ನು ಬಿಟ್ಟರು. ಅತ್ತೆ ಎಂದಿನಂತೆ ಕೋಟು ತೊಟ್ಟು ವಾಕಿಂಗ್ ಹೋದರು, ಕೈ ಬೀಸದವರಿಗೂ ಕೈ ಬೀಸಿದರು. ಆಗ ಕಾಫಿಯವನೇ ತನ್ನ ಗಿರಾಕಿಗಳಿಗೆ ಹೇಳತೊಡಗಿದ: “ಅವರ ಮೇಲೆ ಯಾಕೆ ಸಿಟ್ಟು? ಅವರು ಕೇಳಿದರು, ನಾನು ಹೇಳಿದೆ. ನೀವು ಯಾರೂ ಕೇಳಿರಲಿಲ್ಲ.” ಆ ಮಾತು ನಿಧಾನಕ್ಕೆ ಇಳಿಯಿತು. ಇನ್ನೊಂದು ಚಳಿಗಾಲ ಬಂದಾಗ ಎರಡು ಅಂಗಡಿಗಳ ಮುಂದಿನ ಹಿಮವನ್ನೂ ಇಬ್ಬರೂ ಸೇರಿ ತೆಗೆಯುತ್ತಿರುವುದನ್ನು ನಾನೇ ಕಂಡೆ. ಮಾತುಕತೆ ಏನೂ ಇರಲಿಲ್ಲ, ಆದರೆ ಕುರ್ಚಿಯೂ ಇರಲಿಲ್ಲ.

ಅತ್ತೆಯ ಅವಧಿ ಮುಗಿದು ಮತ್ತೆ ಚುನಾವಣೆ ಬಂತು. ಹಾರ್ಡ್‌ವೇರಿನವನು ಒಂದು ಭಾನುವಾರ ಮನೆ ಬಾಗಿಲಿಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, “ಈ ಸಲ ನಾನು ನಿಲ್ಲಲ್ಲ” ಎಂದ.

“ಯಾಕೆ? ನಿಲ್ಲಿ. ಎರಡು ಕಡೆ ಇದ್ದರೇ ಚೆನ್ನ” ಎಂದರು ಅತ್ತೆ.

“ನಿಂತರೆ ನನ್ನ ಹೆಂಡತೀನ ಸೇರಿಸಿ ಎಲ್ಲರೂ ನಿಮಗೇ ಓಟು ಹಾಕ್ತಾರೆ. ಆ ಅವಮಾನ ಬೇಡ.”

ಅತ್ತೆಯ ಹೆಸರಿನ ಬೋರ್ಡು ಹಾರ್ಡ್‌ವೇರ್ ಅಂಗಡಿಯ ಕಿಟಕಿಯಲ್ಲೂ ನಿಂತಿತು, ಕಾಫಿ ಅಂಗಡಿಯ ಕಿಟಕಿಯಲ್ಲೂ ನಿಂತಿತು! ಎದುರಾಳಿಯೇ ಇಲ್ಲದ ಭರ್ಜರಿ ಗೆಲುವು. ಮೈಸೂರಿನಿಂದ ನಮ್ಮಪ್ಪ ವಿಡಿಯೋ ಕಾಲ್ ಮಾಡಿ, “ನಮ್ಮಿಬ್ಬರನ್ನ ವಿಚಾರಣೆ ಮಾಡಿದ್ದಕ್ಕೆ ಕೊನೆಗೂ ಪ್ರಯೋಜನ ಆಯ್ತು ಬಿಡು” ಎಂದರು.

ಆ ಖುಷಿಗೆ ಮಾವ ಒಂದು ಶನಿವಾರ ಮಧ್ಯಾಹ್ನ ಮನೆಯಲ್ಲಿ ಊಟ ಇಟ್ಟರು. ಅರ್ಧ ಕನ್ನಡ ಕೂಟ, ಅರ್ಧ ಊರು. ಮಾವನೇ ಏಪ್ರನ್ ಕಟ್ಟಿಕೊಂಡು ಒಬ್ಬಟ್ಟು ಬೇಯಿಸುತ್ತಿದ್ದರು. ಹಾಲ್ ತುಂಬ ನಗು, ತುಪ್ಪದ ಘಮ. ಅಷ್ಟರಲ್ಲಿ ಅತ್ತೆಗೆ ಪೊಲೀಸರ ಫೋನು ಬಂತು. ಯಾರನ್ನೋ ಬಂಧಿಸಿದ್ದಾರೆ, ಕೂಡಲೇ ಜಡ್ಜಿನ ಮುಂದೆ ನಿಲ್ಲಿಸಬೇಕು. ಮಾವ ಒಲೆ ಬಿಡುವಂತಿರಲಿಲ್ಲ, ನಾನೇ ಕಾರು ತೆಗೆದೆ.

ಸಭಾಂಗಣದಲ್ಲಿ ನಿಂತಿದ್ದವಳು ಇಪ್ಪತ್ತರ ಆಸುಪಾಸಿನ ಒಬ್ಬಳು ಹುಡುಗಿ. ತೆಳ್ಳನೆಯ ಸ್ವೆಟರು, ಕೆದರಿದ ಕೂದಲು. ಜೊತೆಯಲ್ಲಿದ್ದವನನ್ನು ಚಾಕುವಿನಿಂದ ಇರಿದಳೆಂಬ ಆರೋಪ. ಅವನು ಆಸ್ಪತ್ರೆಯಲ್ಲಿದ್ದ. ಎರಡೂ ಕಡೆಯ ವಕೀಲರು ಬಂದಿದ್ದರು. ಅತ್ತೆ ಅವಳ ಹಕ್ಕುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿ, ಪ್ರತಿಯೊಂದಕ್ಕೂ “ಅರ್ಥವಾಯಿತೇ?” ಎಂದು ಕೇಳಿದರು. ಅವಳು ಪ್ರತಿಸಲವೂ “ಎಸ್ ಮ್ಯಾಮ್” ಎಂದಳು, ಶಾಲೆಯ ಮಕ್ಕಳ ಹಾಗೆ. ವಕೀಲರು ಹೇಳಿದ್ದನ್ನೆಲ್ಲ ಅತ್ತೆ ಕೇಳಿದರು, ಮತ್ತೆ ಕೇಳಿದರು. ಬಿಟ್ಟು ಕಳಿಸಲು ದಾರಿ ಕಾಣಲಿಲ್ಲ. ಮುಂದಿನ ವಿಚಾರಣೆಯವರೆಗೆ ಕೌಂಟಿ ಜೈಲಿಗೆ, ಅಂದರೆ ಜಿಲ್ಲೆಯ ಜೈಲಿಗೆ, ಕಳಿಸಿದರು. ದನಿ ಸ್ವಲ್ಪವೂ ನಡುಗಲಿಲ್ಲ.

ವಾಪಸು ಬರುವಾಗ ನಾನು ಊಟದ ವಿಷಯ, ಬಂದವರ ವಿಷಯ ಏನೇನೋ ಮಾತಾಡಿದೆ. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಮನೆಯೊಳಗೆ ಕಾಲಿಟ್ಟರೆ ಎಲ್ಲರೂ ಚಪ್ಪಾಳೆ! “ಯುವರ್ ಆನರ್ ಬಂದ್ರು!” ಅತ್ತೆ ಎಲ್ಲರಿಗೂ ಕೈಮುಗಿದು, ನಕ್ಕು, ನೇರವಾಗಿ ಅಡುಗೆಮನೆಗೆ ಹೋದರು. ಕೋಟು ಬಿಚ್ಚಲಿಲ್ಲ. ಒಲೆಯ ಪಕ್ಕ ನಿಂತರು.

“ರೀ,” ಎಂದರು ಮೆಲ್ಲಗೆ. “ಪೊಲೀಸ್ ಗಾಡಿ ಈಗ ಹೊರಟಿದೆ. ಅಲ್ಲಿ ಮುಟ್ಟೋ ಹೊತ್ತಿಗೆ ಆ ಮಗೂಗೆ ಊಟ ಸಿಗತ್ತಾ?”

ಮಾವ ಉರಿ ಸಣ್ಣ ಮಾಡಿದರು. “ಸಿಗತ್ತೆ ಕಣೇ. ಹೊತ್ತು ಮೀರಿ ಬಂದೋರಿಗೆ ಅಂತ ತೆಗೆದಿಟ್ಟಿರ್ತಾರೆ. ನೀನು ಮೊದಲ್ನೇ ಸಲ ಯಾರನ್ನೋ ಕಳಿಸಿ ಬಂದು ಕೇಳಿದ್ಯಲ್ಲ, ಆಗ್ಲೇ ಜೈಲಿಗೆ ಫೋನ್ ಮಾಡಿ ವಿಚಾರಿಸಿದೀನಿ.”

“ಬಿಸಿ ಇರತ್ತಾ?”

“ಇರತ್ತೆ. ಕೋಟು ಬಿಚ್ಚು.”

ಬಿಸಿ ಇರುತ್ತದೆಂದು ಮಾವನಿಗೆ ಹೇಗೆ ಗೊತ್ತು? ಬೇರೆ ಯಾರು ಹಾಗೆ ಹೇಳಿದ್ದರೂ ನಮ್ಮತ್ತೆ ಬಿಡುತ್ತಿರಲಿಲ್ಲ, ನಿಲ್ಲಿಸಿ ಹತ್ತು ಪ್ರಶ್ನೆ ಕೇಳುತ್ತಿದ್ದರು. ಅವತ್ತು ಒಂದನ್ನೂ ಕೇಳಲಿಲ್ಲ. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಮಾವ ತುಪ್ಪ ಹಾಕಿ ಕೊಟ್ಟ ಒಬ್ಬಟ್ಟಿನ ತಟ್ಟೆ ಹಿಡಿದು, ಅಲ್ಲೇ ಒಲೆಯ ಪಕ್ಕದಲ್ಲಿ ನಿಂತುಕೊಂಡು ತಿಂದರು.